17ನೇ ನಂಬರಿನ ಟಿಕೆಟ್ ಪುಸ್ತಕ

ನಾನು ಸೇವಾ ಕ್ಲಬ್ಬೊಂದರ ಖಜಾಂಚಿಯಾಗಿದ್ದ ವರ್ಷ ನಿಧಿ ಸಂಗ್ರಹಕ್ಕೆಂದು ಒಂದು ಸಂಗೀತ ಸಂಜೆಯನ್ನು ಏರ್ಪಡಿಸಿದ್ದೆವು. ಟಿಕೆಟ್‌ಗಳನ್ನು 25 ಹಾಳೆಗಳ ಪುಸ್ತಕಗಳಾಗಿ ಮುದ್ರಿಸಿ, ಒಂದೊಂದಕ್ಕೂ ನಂಬರು ಹಾಕಿಸಿ, ಸದಸ್ಯರಿಗೆ ತಲಾ ಒಂದು ಪುಸ್ತಕದಂತೆ ಹಂಚಿ, ಯಾವ ನಂಬರು ಯಾರಿಗೆ ಹೋಯಿತೆಂಬುದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಪಡೆದಿದ್ದೆ. ಕಾರ್ಯಕ್ರಮ ಮುಗಿದು ಹತ್ತು ದಿನಗಳೊಳಗೆ ಮಾರಾಟದ ಹಣವೂ ಉಳಿದ ಟಿಕೆಟ್‌ಗಳೂ ಕೈಸೇರಿದವು. 17ನೇ ನಂಬರಿನ ಪುಸ್ತಕ ಮಾತ್ರ ಬರಲಿಲ್ಲ. ಪಡೆದವರಿಗೆ ಮೂರು ಬಾರಿ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಕೊನೆಗೆ ಕ್ಲಬ್ಬಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆದೆ. ಅದು ಖಾರವಾಗಿಯೇ ಇತ್ತು.

ಹೊರಗಿನವರಿಗೆ ಒಂದು ಟಿಕೆಟ್ ಪುಸ್ತಕ ಅಲ್ಪ ಸಂಗತಿ ಎನಿಸಬಹುದು. ಆದರೆ ಸಾರ್ವಜನಿಕರಿಂದ ಎತ್ತಿದ ಹಣದ ವಿಷಯದಲ್ಲಿ ಸೇವಾ ಕ್ಲಬ್ಬುಗಳ ನಿಯಮ ಬಿಗಿಯಾದದ್ದು. ಲಯನ್ಸ್ ಕ್ಲಬ್ಬುಗಳಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಇಡಬೇಕು. ಸದಸ್ಯರ ಶುಲ್ಕದಿಂದ ನಡೆಯುವುದು ಆಡಳಿತ ಖಾತೆ, ಜನರಿಂದ ಬಂದ ಹಣಕ್ಕಿರುವುದು ಸೇವಾ ಖಾತೆ. ನಿಧಿ ಸಂಗ್ರಹದ ಕಾರ್ಯಕ್ರಮಕ್ಕೆ ತಗಲಿದ ನೇರ ಖರ್ಚನ್ನು ಕಳೆದು ಉಳಿದದ್ದೆಲ್ಲ ಜನರ ಕೆಲಸಕ್ಕೇ ಹೋಗಬೇಕು. ಪದಾಧಿಕಾರಿಗಳ ಪ್ರಯಾಣ, ಸದಸ್ಯರ ಔತಣಕೂಟ, ಪದಗ್ರಹಣದ ವೇದಿಕೆಯ ಅಲಂಕಾರ ಇವೆಲ್ಲ ಸದಸ್ಯರ ಜೇಬಿನಿಂದಲೇ ಆಗಬೇಕು. ಬಾರದ ಪುಸ್ತಕವೆಂದರೆ ಒಂದೋ ಮಾರಿದ ಹಣ ಒಬ್ಬರ ಬಳಿ ನಿಂತಿದೆ, ಇಲ್ಲವೇ ಮಾರದ ಟಿಕೆಟ್‌ಗಳು ಎಲ್ಲೋ ಬಿದ್ದಿವೆ. ಲೆಕ್ಕ ಪರಿಶೋಧಕರ ಮುಂದೆ ಎರಡಕ್ಕೂ ಉತ್ತರ ಕೊಡಬೇಕಾದವನು ಖಜಾಂಚಿ.

ಆ ವರ್ಷ ನನ್ನ ಕೈಯಲ್ಲಿ ಕತ್ತರಿಯೂ ಇತ್ತು. ಆಯವ್ಯಯದ ಸಭೆಯಲ್ಲಿ ಫೆಲೋಶಿಪ್ ಎಂಬ ತಲೆಬರಹದಡಿ ಇದ್ದ ಮೊತ್ತವನ್ನು ಅರ್ಧಕ್ಕೆ ಇಳಿಸಬೇಕೆಂದು ನಾನೇ ಸೂಚಿಸಿದ್ದೆ. ಕುಟುಂಬ ಸಂಜೆಗಳು, ಹುಟ್ಟುಹಬ್ಬದ ಶುಭಾಶಯಗಳು, ಸಭೆಯ ನಡುವಿನ ಹಾಡು ಮತ್ತು ಹರಟೆ ಇವೆಲ್ಲ ಸೇವೆಗೆ ಹಚ್ಚಿದ ಬಣ್ಣವೆಂದೇ ನನ್ನ ಎಣಿಕೆ. ಲಯನ್ಸ್ ಕ್ಲಬ್ಬುಗಳಲ್ಲಿ ಟೇಲ್ ಟ್ವಿಸ್ಟರ್, ಅಂದರೆ ಬಾಲ ತಿರುಚುವವನು ಎಂಬ ಹೆಸರಿನ ಪದಾಧಿಕಾರಿಯೊಬ್ಬರು ಇರುತ್ತಾರೆ. ಲಾಂಛನದ ಪಿನ್ ಮರೆತು ಬಂದವರಿಗೂ ತಡವಾಗಿ ಬಂದವರಿಗೂ ತಮಾಷೆಯ ದಂಡ ವಿಧಿಸುವುದು ಅವರ ಕೆಲಸ. ವಯಸ್ಕರು ಇಂಥದ್ದಕ್ಕೆ ಸಮಯ ಕೊಡುವುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ನನ್ನ ಸೂಚನೆಗೆ ಒಪ್ಪಿಗೆ ಸಿಕ್ಕಿತು. ವಿರೋಧಿಸಿದವರು ಇಬ್ಬರು ಹಿರಿಯ ಸದಸ್ಯರು ಮಾತ್ರ. ಅವರಲ್ಲೊಬ್ಬರು, "ಮೊದಲು ಹುಟ್ಟಿದ್ದು ಯಾವುದು ಅಂತ ಸ್ವಲ್ಪ ನೋಡಿ ಸ್ವಾಮಿ," ಎಂದಷ್ಟೇ ಹೇಳಿ ಸುಮ್ಮನಾದರು.

ನೋಡಿದೆ. ರೋಟರಿ ಎಂಬ ಸೇವಾ ಕ್ಲಬ್ಬು ಹುಟ್ಟಿದ ಕತೆ ಸಿಕ್ಕಿತು. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ದರ್ಜಿ ಹೈರಮ್ ಶೋರಿ ಇವರೊಂದಿಗೆ ಲೋರ್ ಅವರ ಕಚೇರಿಯಲ್ಲಿ ಸೇರಿದಾಗ ಅವರ ಮುಂದೆ ಯಾವ ಸೇವಾ ಯೋಜನೆಯೂ ಇರಲಿಲ್ಲ. ಮಹಾನಗರಕ್ಕೆ ಬಂದು ನೆಲೆಸಿದ್ದ ಹ್ಯಾರಿಸ್ ಅವರಿಗೆ, ಸಣ್ಣ ಊರುಗಳಲ್ಲಿ ತಾವು ಕಂಡಿದ್ದ ಬಳಕೆಯ ಸ್ನೇಹ ಬೇಕಾಗಿತ್ತು. ಒಂದೊಂದು ವೃತ್ತಿಯವರೂ ಸೇರಿ, ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸಭೆ ನಡೆಸುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಸಭೆಗಳಲ್ಲಿ ಹಾಡುವ ರೂಢಿಯನ್ನು ತಂದವರು ಐದನೆಯ ಸದಸ್ಯರಾಗಿ ಸೇರಿದ ಮುದ್ರಕ ಹ್ಯಾರಿ ರಗಲ್ಸ್. ಆ ಕ್ಲಬ್ಬಿನ ಮೊದಲ ಸಾರ್ವಜನಿಕ ಕೆಲಸವೆಂದು ಹೇಳಲಾಗುವ ಷಿಕಾಗೋದ ಸಾರ್ವಜನಿಕ ಶೌಚಾಲಯದ ಪ್ರಯತ್ನ ಶುರುವಾದದ್ದು 1907ರಲ್ಲಿ. ನಡುವಿನ ಎರಡು ವರ್ಷ ಅವರು ಮಾಡಿದ್ದು, ನಾನು ಕತ್ತರಿಸಿದ ಆ ತಲೆಬರಹದಡಿ ಬರುವ ಕೆಲಸಗಳನ್ನೇ.

ಆದರೂ ನಾನು ಸುಲಭವಾಗಿ ಒಪ್ಪುವವನಲ್ಲ. ಹಾಗೆ ಹುಟ್ಟಿತೆಂದ ಮಾತ್ರಕ್ಕೆ ಹಾಗೆಯೇ ನಡೆಯಬೇಕೆಂದೇನೂ ಇಲ್ಲವಲ್ಲ? ಸ್ನೇಹಕೂಟವೆಂಬುದು ಬಾಗಿಲು ಮುಚ್ಚುವುದನ್ನೂ ಬಲ್ಲದು. ಕ್ಯಾಲಿಫೋರ್ನಿಯಾದ ಡುವಾರ್ಟೆ ರೋಟರಿ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದಕ್ಕೆ ಮಾತೃಸಂಸ್ಥೆ ಅದರ ಮಾನ್ಯತೆಯನ್ನೇ ರದ್ದುಪಡಿಸಿತು. ಆ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಮಹಿಳೆಯರ ಪರವಾಗಿ ತೀರ್ಪು ಬಂದದ್ದು 1987ರ ಮೇ ತಿಂಗಳಲ್ಲಿ. ಅಲ್ಲಿಯವರೆಗಿನ 82 ವರ್ಷ ಗಂಡಸರು ತಮ್ಮತಮ್ಮಲ್ಲೇ ಸ್ನೇಹ ಮಾಡಿಕೊಂಡಿದ್ದರು ಎಂಬುದನ್ನು ಫೆಲೋಶಿಪ್ಪಿನ ಗುಣಗಾನ ಮಾಡುವವರು ಮರೆಯಬಾರದು.

ನನ್ನ ಅಭಿಪ್ರಾಯ ಕದಲಲು ತೊಡಗಿದ್ದು ಒಂದು ನೇತ್ರ ತಪಾಸಣಾ ಶಿಬಿರದಲ್ಲಿ. ಕಣ್ಣಿನ ಕೆಲಸಕ್ಕೂ ಲಯನ್ಸ್ ಕ್ಲಬ್ಬುಗಳಿಗೂ ಹಳೆಯ ನಂಟಿದೆ. 1925ರಲ್ಲಿ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಹೆಲೆನ್ ಕೆಲರ್ ಅವರು ಅಂಧರ ಪರವಾಗಿ ಹೋರಾಡುವ ವೀರರಾಗಿ ಎಂದು ಸದಸ್ಯರಿಗೆ ಕರೆಕೊಟ್ಟ ಮೇಲೆ ಅದು ಅವರ ಮುಖ್ಯ ಕೆಲಸವಾಯಿತು. ಬಿಳಿ ಕೋಲಿನ ಕತೆಯೂ ಇದಕ್ಕೆ ಸೇರಿದ್ದೇ. ಕುರುಡರೊಬ್ಬರು ಕಪ್ಪು ಕೋಲು ಹಿಡಿದು ರಸ್ತೆ ದಾಟಲು ಪರದಾಡುತ್ತಿದ್ದುದನ್ನೂ ಆ ಕೋಲು ವಾಹನ ಸವಾರರ ಕಣ್ಣಿಗೆ ಬೀಳದಿದ್ದುದನ್ನೂ ಕಂಡ ಇಲಿನಾಯ್‌ನ ಪಿಯೋರಿಯಾ ಕ್ಲಬ್ಬಿನವರು 1930ರಲ್ಲಿ ಕೋಲಿಗೆ ಬಿಳಿ ಬಣ್ಣ ಬಳಿಸಿ ಹಂಚತೊಡಗಿದರು.

ನಮ್ಮ ಶಿಬಿರದಲ್ಲಿ ನನಗೆ ಒಪ್ಪಿಸಿದ್ದು ಅಕ್ಷರಫಲಕದ ಕೆಲಸ. ಫಲಕದಿಂದ ಆರು ಮೀಟರ್ ಅಳೆದು ನೆಲಕ್ಕೆ ಟೇಪು ಅಂಟಿಸಬೇಕು, ಬಂದವರನ್ನು ಟೇಪಿನ ಮೇಲೆ ನಿಲ್ಲಿಸಬೇಕು, ಒಂದು ಕಣ್ಣು ಮುಚ್ಚಿಸಿ ಇನ್ನೊಂದರಿಂದ ಓದಿಸಬೇಕು. ಓದು ಬಾರದವರಿಗೆ ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಫಲಕವಿರುತ್ತದೆ; ಅದರ ಕಾಲುಗಳು ಯಾವ ಕಡೆಗಿವೆಯೆಂದು ಅವರು ಬೆರಳುಗಳಿಂದ ತೋರಿಸುತ್ತಾರೆ. ಕಣ್ಣನ್ನು ಅವರ ಅಂಗೈಯಿಂದಲೇ ಮುಚ್ಚಿಸಿದರೆ ಬೆರಳ ಸಂದಿಯಿಂದ ಇಣುಕುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಮೋಸವೇನೂ ಇಲ್ಲ. ಪರೀಕ್ಷೆಯಲ್ಲಿ ನಪಾಸಾದೆವೆಂದು ಅನಿಸಿಕೊಳ್ಳಲು ಯಾವ ವಯಸ್ಸಿನವರಿಗೂ ಇಷ್ಟವಿರುವುದಿಲ್ಲ, ಅಷ್ಟೆ. ಒಬ್ಬ ಅಜ್ಜಿ ಹೀಗೆ ಕೊನೆಯ ಸಾಲಿನವರೆಗೂ ಸರಿಯಾಗಿ ತೋರಿಸಿ ಹೊರಡಲು ಸಿದ್ಧರಾದಾಗ, ಪಕ್ಕದ ಮೇಜಿನಲ್ಲಿದ್ದ ನಮ್ಮ ಸದಸ್ಯೆಯೊಬ್ಬರು ಎದ್ದು ಬಂದು, "ಅಮ್ಮಾ, ಕೈ ನೋಯುತ್ತೆ, ನಾನು ಹಿಡಕೊಳ್ತೀನಿ ಬಿಡಿ," ಎಂದು ಒಂದು ದಪ್ಪ ರಟ್ಟನ್ನು ಅವರ ಎಡಗಣ್ಣಿಗೆ ಅಡ್ಡ ಹಿಡಿದರು. ಆಮೇಲೆ ಅಜ್ಜಿಯ ಬೆರಳುಗಳು ಮೊದಲನೆಯ ದೊಡ್ಡ ಅಕ್ಷರಕ್ಕೇ ತಡವರಿಸಿದವು. ಬಲಗಣ್ಣಿಗೆ ಪೊರೆ ಬಂದಿತ್ತು.

ಆ ಸದಸ್ಯೆ ಬೆಳಗಿನಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಆದರೂ ನನ್ನ ಕಡೆಗೆ ಒಂದು ಕಣ್ಣು ಇಟ್ಟಿದ್ದರು, ನಾನು ಹೊಸಬನೆಂದು. ಆ ದಿನ ಬಂದಿದ್ದ ಹನ್ನೊಂದು ಸ್ವಯಂಸೇವಕರ ಪಟ್ಟಿಯನ್ನು ಸಂಜೆ ವರದಿಗೆಂದು ಬರೆಯುತ್ತಿದ್ದಾಗ ಇನ್ನೊಂದು ಸಂಗತಿ ಕಂಡಿತು. ನೋಟಿಸು ನೋಡಿ ಬಂದವರು ಇಬ್ಬರೇ. ಉಳಿದ ಒಂಬತ್ತು ಮಂದಿ ಮತ್ತೊಬ್ಬ ಸದಸ್ಯರು ‘ನೀವೂ ಬನ್ನಿ, ಒಟ್ಟಿಗೇ ಹೋಗೋಣ’ ಎಂದು ಕರೆದದ್ದಕ್ಕೆ ಬಂದಿದ್ದರು. ಕುಟುಂಬ ಸಂಜೆಗಳಲ್ಲಿ ಅಕ್ಕಪಕ್ಕ ಕೂರುವ ಜೋಡಿಗಳೇ ಅಲ್ಲಿಯೂ ಒಂದೊಂದು ಮೇಜಿಗೆ ಹಂಚಿಹೋಗಿದ್ದವು.

ಹಣ ಕೇಳುವ ಕೆಲಸದಲ್ಲೂ ಅಷ್ಟೇ. ದೇಣಿಗೆಯ ಮನವಿಪತ್ರಗಳನ್ನು ನೂರಾರು ಮಂದಿಗೆ ಕಳುಹಿಸಿದರೆ ಉತ್ತರ ಬರುವುದು ಬೆರಳೆಣಿಕೆಯಷ್ಟು. ಪರಿಚಯದವರೊಬ್ಬರು ಎದುರಿಗೆ ಕೂತು, ಈ ಹಣ ಇಂಥ ಕೆಲಸಕ್ಕೆ, ಇಷ್ಟು ಕೊರತೆಯಿದೆ, ಲೆಕ್ಕ ಇಂಥ ದಿನ ತಂದು ತೋರಿಸುತ್ತೇನೆ ಎಂದು ಹೇಳಿದರೆ ಇಲ್ಲವೆನ್ನುವವರು ಕಡಿಮೆ. ಒಬ್ಬರೇ ಹೋಗಿ ಕೇಳುವುದು ಮುಜುಗರ, ಇಬ್ಬರು ಜೊತೆಯಾಗಿ ಹೋದರೆ ಅದು ಹಗುರ. ಮೊತ್ತ ಸಣ್ಣದಾಗಿದ್ದರೂ ಚಿಂತೆಯಿಲ್ಲ. ರೋಟರಿಯ ಅಂದಿನ ಅಧ್ಯಕ್ಷ ಆರ್ಚ್ ಕ್ಲಂಫ್ ಅವರು 1917ರಲ್ಲಿ ದತ್ತಿನಿಧಿಯ ಆಲೋಚನೆಯನ್ನು ಮುಂದಿಟ್ಟ ಮೇಲೆ ರೋಟರಿ ಪ್ರತಿಷ್ಠಾನಕ್ಕೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್, ಅದೂ ಕ್ಯಾನ್ಸಸ್ ಸಿಟಿಯ ಕ್ಲಬ್ಬಿನಲ್ಲಿ ಮಿಕ್ಕಿದ್ದ ಹಣ. ಅದೇ ರೋಟರಿ 1985ರಲ್ಲಿ ಪೋಲಿಯೋ ವಿರುದ್ಧ ಪೋಲಿಯೋಪ್ಲಸ್ ಎಂಬ ಕಾರ್ಯಕ್ರಮವನ್ನು ಆರಂಭಿಸಿ, 12 ಕೋಟಿ ಡಾಲರ್ ಗುರಿಯಿಟ್ಟು, ಮೂರು ವರ್ಷಗಳಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು ಸಂಗ್ರಹಿಸಿತು. 1988ರಲ್ಲಿ ಜಾಗತಿಕ ನಿರ್ಮೂಲನಾ ಅಭಿಯಾನ ಆರಂಭವಾದಾಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಂದಿ ಆ ರೋಗಕ್ಕೆ ತುತ್ತಾಗುತ್ತಿದ್ದರು. ಈಗ ವೈಲ್ಡ್ ಪೋಲಿಯೋ ವೈರಸ್, ಅಂದರೆ ನಿಸರ್ಗದಲ್ಲಿ ತಾನಾಗಿ ಹರಡುವ ಮೂಲ ವೈರಸ್, ಎರಡು ದೇಶಗಳಲ್ಲಷ್ಟೇ ಬೇರುಬಿಟ್ಟು ಉಳಿದಿದೆ.

ನಮ್ಮ ಸಂಗೀತ ಸಂಜೆಯ ಬಗ್ಗೆ ಹೇಳಿಕೊಳ್ಳಲು ಹೆಚ್ಚೇನೂ ಇಲ್ಲ. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಮುದ್ರಣ ಇವನ್ನೆಲ್ಲ ಕಳೆದರೆ ಉಳಿದದ್ದು ಬಂದ ಹಣದ ಮೂರನೇ ಒಂದು ಭಾಗವೂ ಅಲ್ಲ. ಸದಸ್ಯರಿಗೆ ನೇರವಾಗಿ ಕೈಯೊಡ್ಡಿದ್ದರೆ ಇದಕ್ಕಿಂತ ಹೆಚ್ಚು ಕೂಡುತ್ತಿತ್ತೆಂದು ಈಗಲೂ ಅನಿಸುತ್ತದೆ. ಮನರಂಜನೆಯ ಮೂಲಕ ನಿಧಿ ಎತ್ತುವವರು ಮೊದಲು ಖರ್ಚಿಗೆ ಪ್ರಾಯೋಜಕರನ್ನು ಹುಡುಕಿಕೊಂಡು ಆಮೇಲೆ ಟಿಕೆಟ್ ಮುದ್ರಿಸಬೇಕು. ನಾವು ಹಿಂದುಮುಂದಾಗಿ ಮಾಡಿದೆವು.

ಇನ್ನು 17ನೇ ನಂಬರು. ಪತ್ರಕ್ಕೂ ಉತ್ತರ ಬಾರದೆ ಹೋದಾಗ, ವಿರೋಧಿಸಿದ್ದ ಆ ಹಿರಿಯರನ್ನು ಜೊತೆಗೆ ಕರೆದುಕೊಂಡು ಮನೆಗೇ ಹೋದೆ. ಬಾಗಿಲು ತೆರೆದವರು ನಮ್ಮನ್ನು ಕಂಡು, "ಪುಸ್ತಕಕ್ಕೆ ಬಂದಿದ್ದೀರಿ, ಅಲ್ವಾ ಸರ್? ಕೂತ್ಕೊಳ್ಳಿ," ಎಂದು ಒಳಗೆ ಹೋಗಿ ಅದನ್ನು ತಂದುಕೊಟ್ಟರು. 25 ಹಾಳೆಗಳೂ ಹಾಗೇ ಇದ್ದವು, ಒಂದನ್ನೂ ಹರಿದಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಅವರ ವ್ಯವಹಾರ ನೆಲಕಚ್ಚಿತ್ತು. ಟಿಕೆಟ್ ಮಾರಲು ಯಾರ ಬಳಿ ಹೋಗಬಹುದಿತ್ತೋ ಅವರಿಗೆಲ್ಲ ಅವರು ಸಾಲಗಾರರು. ಮಾರಲಾಗಲಿಲ್ಲವೆಂದು ಹಿಂದಿರುಗಿಸಲು ನಾಚಿಕೆ, ಪೂರ್ತಿ ಹಣವನ್ನು ತಾವೇ ಕಟ್ಟಲು ದಾರಿಯಿಲ್ಲ. ಅದಕ್ಕೇ ಫೋನ್ ಎತ್ತಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಅವರು ಹಾಜರಾಗದ ಸಭೆಗಳನ್ನು ಕಾರ್ಯದರ್ಶಿಗಳು ತಪ್ಪದೆ ಗುರುತು ಹಾಕಿದ್ದರು, ನಾನು ಬಾಕಿ ಶುಲ್ಕದ ಪಟ್ಟಿಯಲ್ಲಿ ಅವರ ಹೆಸರನ್ನು ತಪ್ಪದೆ ಸೇರಿಸಿದ್ದೆ. ಏಕೆ ಬರುತ್ತಿಲ್ಲವೆಂದು ಒಬ್ಬರೂ ವಿಚಾರಿಸಿರಲಿಲ್ಲ. ವಿಚಾರಿಸಬಹುದಾಗಿದ್ದ ಎರಡು ಕುಟುಂಬ ಸಂಜೆಗಳು ಆ ನಾಲ್ಕು ತಿಂಗಳಲ್ಲೇ ನಡೆಯಬೇಕಿದ್ದವು. ಅವನ್ನು ನಾನು ಉಳಿತಾಯದ ಅಂಕಣದಲ್ಲಿ ತೋರಿಸಿದ್ದೆ.

ಹಿರಿಯರು ನನ್ನತ್ತ ನೋಡಲಿಲ್ಲ. ಅವರಿಬ್ಬರೂ ಬಹಳ ಹೊತ್ತು ಬೇರೇನೋ ಮಾತನಾಡಿದರು, ಒಂದೆರಡು ಬಾರಿ ನಕ್ಕರು ಕೂಡ. ನಾನು ರಿಜಿಸ್ಟರು ತೆಗೆದು ‘17: 25 ಟಿಕೆಟ್ ಮಾರಾಟವಾಗದೆ ವಾಪಸು’ ಎಂದು ಬರೆದು ಅವರಿಂದ ಸಹಿ ಮಾಡಿಸಿಕೊಂಡೆ. ಹೊರಡುವಾಗ, ನಾನು ಬರೆದಿದ್ದ ಪತ್ರವನ್ನು ಹಿಂದಕ್ಕೆ ಕೊಟ್ಟುಬಿಡಿ, ಹರಿದುಹಾಕುತ್ತೇನೆ ಎಂದು ಕೇಳಿಕೊಂಡೆ. ಅವರು ಸ್ವಲ್ಪ ಯೋಚಿಸಿ, "ಬೇಡ ಸರ್, ಅದು ನನ್ನ ಹತ್ತಿರವೇ ಇರಲಿ," ಎಂದರು.