ಸ್ಪಿತಿ ಸರ್ಕ್ಯೂಟ್‌ಗೆ ಎಂಥ ಗಾಡಿ ಬೇಕು? ಬಟಾಲ್‌ನ ಕಲ್ಲುದಾರಿ ಒಂದು ಕಡೆ, ಉಳಿದ ಸಾವಿರಾರು ಕಿಲೋಮೀಟರ್ ಇನ್ನೊಂದು ಕಡೆ

ಹಿಮಾಚಲದ ಸ್ಪಿತಿ ಕಣಿವೆಗೆ ಸ್ವಂತ ಗಾಡೀಲಿ ಹೋಗ್ಬೇಕು ಅನ್ನೋರೆಲ್ಲ ಮೊದಲು ಕೇಳೋದು ಒಂದೇ, ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಫೋರ್ ಬೈ ಫೋರ್ ಇಲ್ದೆ ಆಗತ್ತಾ ಅಂತ. ನಾನು ಕೇಳಿ ಅನ್ನೋದು ಬೇರೆ ಪ್ರಶ್ನೆ. ಆ ಫೋರ್ ಬೈ ಫೋರ್ ತಗೊಂಡ್ರೆ ಅಲ್ಲೀವರೆಗೆ ಹೋಗೋದು ಹೇಗೆ, ಬಂದ್ಮೇಲೆ ದಿನಾ ಆಫೀಸಿಗೆ ಓಡಿಸೋದು ಹೇಗೆ? ನಾವು ಶಿಮ್ಲಾ ಕಡೆಯಿಂದ ಹತ್ತಿ ಕಿನ್ನೌರ್, ಕಾಜಾ, ಕುಂಜುಂ ಪಾಸ್ ದಾಟಿ ಮನಾಲಿಗೆ ಇಳಿದ್ವಿ, ಪೂರ್ತಿ ಸರ್ಕ್ಯೂಟ್. ನನ್ನದು ಲ್ಯಾಡರ್ ಫ್ರೇಮ್ (ಏಣಿ ಆಕಾರದ ಚಾಸಿ) ಮೇಲಿನ ಮೂರು ಡೋರಿನ ಫೋರ್ ಬೈ ಫೋರ್, ಭಾವಂದು ಐದು ಸೀಟಿನ ಮಾಮೂಲಿ ಮೊನೊಕಾಕ್ (ಬೇರೆ ಚಾಸಿ ಇಲ್ಲದೆ ಬಾಡೀನೇ ಭಾರ ಹೊರೋ) ಎಸ್‌ಯುವಿ, ಮುಂದಿನ ಎರಡು ಚಕ್ರಕ್ಕೆ ಮಾತ್ರ ಪವರ್ ಹೋಗೋದು. ದಾರೀಲಿ ಇಬ್ರೂ ಗಾಡಿ ಅದಲು ಬದಲು ಮಾಡ್ಕೊಂಡು ಓಡಿಸಿದ್ವಿ, ಹಾಗಾಗಿ ಎರಡರ ಸುಖ ದುಃಖಾನೂ ಗೊತ್ತಿದೆ.

ಮೊದಲು ಹೈವೇ ಮಾತು, ಯಾಕಂದ್ರೆ ಟ್ರಿಪ್ಪಿನ ಮುಕ್ಕಾಲು ಭಾಗ ಅದೇ. ನಮ್ಮ ಕಡೆಯಿಂದ ಹೊರಟ್ರೆ ಚಂಡೀಗಢ ಮುಟ್ಟೋಕೇ 2000 ಕಿಮೀಗಿಂತ ಜಾಸ್ತಿ, ಎಲ್ಲಾ ನಾಲ್ಕು ಲೇನು ಆರು ಲೇನು. ಮೂರು ಡೋರಿನ ಗಾಡೀಲಿ ಕಲ್ಲು ಮಣ್ಣಿಗೂ ಆಗೋ ಆಲ್ ಟೆರೇನ್ ಟೈರ್ ಹಾಕಿಸ್ಕೊಂಡು 90 ರಲ್ಲಿ ಹೋಗ್ತಾ ಇದ್ರೆ ಕೆಳಗಿಂದ ಒಂದೇ ಸಮ ಗುಂಯ್ ಅನ್ನೋ ಸದ್ದು, ಮೊದಲ ಒಂದೆರಡು ಗಂಟೆ ಗೊತ್ತಾಗಲ್ಲ, ಮಧ್ಯಾಹ್ನದ ಹೊತ್ತಿಗೆ ಗಾಡಿ ಒಳಗೆ ಮಾತೇ ನಿಂತುಹೋಗತ್ತೆ, ಜೋರಾಗಿ ಮಾತಾಡಿ ಮಾತಾಡಿ ಎಲ್ರಿಗೂ ಸಾಕಾಗಿರತ್ತೆ. ಎದುರಿಗೆ ಚೌಕಾಕಾರದ ಮೂತಿ ಇರೋದ್ರಿಂದ ಗಾಳಿ ಸದ್ದು ಬೇರೆ, ಲಾರಿ ಓವರ್‌ಟೇಕ್ ಮಾಡಿ ಅದರ ಮರೆಯಿಂದ ಈಚೆ ಬಂದ ತಕ್ಷಣ ಗಾಳಿ ಪಕ್ಕದಿಂದ ತಳ್ಳತ್ತೆ, ಸ್ಟೇರಿಂಗ್ ಗಟ್ಟಿ ಹಿಡ್ಕೊಂಡೇ ಇರ್ಬೇಕು. ಫ್ಲೈಓವರ್ ಜಾಯಿಂಟುಗಳ ಮೇಲೆ ಗಿಡ್ಡ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ಮಧ್ಯದ ಅಂತರ) ಗಾಡಿ ಹಿಂದೆ ಮುಂದೆ ತೂಗತ್ತೆ, ಹಿಂದಿನ ಸೀಟಲ್ಲಿ ಕೂತೋರ ಸೊಂಟ ಅದನ್ನ ಲೆಕ್ಕ ಇಡತ್ತೆ. ಹಿಂದಿನ ಸೀಟಲ್ಲಿ ಜನ ಕೂತ್ರೆ ಲಗೇಜಿಗೆ ಜಾಗ ಇಲ್ಲ, ಲಗೇಜ್ ಇಟ್ರೆ ಜನಕ್ಕೆ ಜಾಗ ಇಲ್ಲ. ಭಾವನ ಗಾಡೀಲಿ ಅದೇ ರೋಡು ಅದೇ ಸ್ಪೀಡು, ಕ್ರೂಸ್ ಕಂಟ್ರೋಲ್ ಹಾಕಿ ಆರಾಮಾಗಿ ಕೂತ್ಕೋಬೋದಿತ್ತು, ಸಂಜೆ ಇಳಿದಾಗ ಮನುಷ್ಯ ಮನುಷ್ಯನ ಥರ ಇರ್ತಿದ್ದ.

ಇದನ್ನ ಇಷ್ಟು ಎಳೆದು ಹೇಳೋಕೆ ಕಾರಣ ಇದೆ. ಸುಸ್ತಾದ ಡ್ರೈವರ್ ಬೆಟ್ಟದಲ್ಲಿ ಲೈನ್ ತಪ್ಪಿಸ್ತಾನೆ, ಬ್ರೇಕ್ ತಡವಾಗಿ ಒತ್ತಾನೆ, ಎತ್ತರಕ್ಕೆ ಮೈ ಒಗ್ಗಿಸ್ಕೊಳ್ಳೋಕೆ ಬೇಕಾದ ಶಕ್ತೀನ ಬಯಲಲ್ಲೇ ಖರ್ಚು ಮಾಡ್ಕೊಂಡು ಬಂದಿರ್ತಾನೆ. ಆಫ್‌ರೋಡ್ ಸಾಮರ್ಥ್ಯ ಅಂತ ಲೆಕ್ಕ ಹಾಕುವಾಗ ಡ್ರೈವರ್ ಎಷ್ಟು ಫ್ರೆಶ್ ಆಗಿ ಅಲ್ಲಿಗೆ ಬಂದ ಅನ್ನೋದನ್ನೂ ಅದರೊಳಗೇ ಸೇರಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎರಡೂ ಗಾಡಿ ಹೀಗೆ ಬೇರೆ ಬೇರೆ ಥರ ಆಡೋದಕ್ಕೆ ದೊಡ್ಡ ಕಾರಣ ಆಕ್ಸಲ್. ಗಟ್ಟಿ ಆಕ್ಸಲ್ ಅಂದ್ರೆ ಎಡ ಬಲ ಎರಡೂ ಚಕ್ರ ಒಂದೇ ಕಂಬಿಗೆ ಸೇರ್ಕೊಂಡಿರೋದು, ಒಂದು ಕಡೆ ಚಕ್ರ ಕಲ್ಲಿನ ಮೇಲೆ ಹತ್ತಿದ್ರೆ ಇನ್ನೊಂದು ಕಡೆದು ಕೆಳಕ್ಕೆ ಒತ್ಕೊಳ್ಳತ್ತೆ, ಹಾಗಾಗಿ ನೆಲ ಬಿಡಲ್ಲ. ಬಂಡೆ ಮೇಲೆ ಇದೇ ದೊಡ್ಡ ಬಲ. ಆದ್ರೆ ಆ ಕಂಬಿ, ಎಡ ಬಲ ಚಕ್ರಕ್ಕೆ ಪವರ್ ಹಂಚೋ ಡಿಫರೆನ್ಷಿಯಲ್ ಎಲ್ಲಾ ಸೇರಿ ಸ್ಪ್ರಿಂಗಿನ ಕೆಳಗಿರೋ ತೂಕ ಜಾಸ್ತಿ, ಸ್ಪೀಡಲ್ಲಿ ಒಂದು ಗುಂಡಿ ಬಿದ್ರೆ ಆ ಏಟು ನೇರ ಸೀಟಿಗೆ ಬರತ್ತೆ, ಒಂದು ಚಕ್ರಕ್ಕೆ ಆಗಿದ್ದು ಇನ್ನೊಂದಕ್ಕೂ ಗೊತ್ತಾಗತ್ತೆ. ಪ್ರತಿ ಚಕ್ರ ತನ್ನಷ್ಟಕ್ಕೆ ಆಡೋ ಇಂಡಿಪೆಂಡೆಂಟ್ ಸಸ್ಪೆನ್ಷನ್ನಲ್ಲಿ ಉಲ್ಟಾ, ರೋಡಲ್ಲಿ ನಯ, ಕಲ್ಲಿನ ಮೇಲೆ ಗಾಡಿ ಕುಗ್ಗಿದಾಗ ಹೊಟ್ಟೆ ಕೆಳಗೆ ಬರತ್ತೆ. ಜಿಮ್ನಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, 2020 ರಲ್ಲಿ ಬಂದ ಥಾರ್‌ಗೆ ಮುಂದೆ ಇಂಡಿಪೆಂಡೆಂಟ್, ಹಿಂದೆ ಮಾತ್ರ ಗಟ್ಟಿ ಆಕ್ಸಲ್. ಟೆಸ್ಟ್ ಡ್ರೈವ್ ಮಾಡೋರು ಶೋರೂಂ ಸುತ್ತ ಒಂದು ರೌಂಡ್ ಹೊಡೆದು ವಾಪಸ್ ಬರ್ಬೇಡಿ, ಕಿತ್ತುಹೋದ ರೋಡಲ್ಲಿ 50 ರಲ್ಲಿ ಒಮ್ಮೆ, ಹೈವೇಲಿ ಅರ್ಧ ಗಂಟೆ ಒಮ್ಮೆ ಓಡಿಸಿ, ಮನೇಲಿ ವಯಸ್ಸಾದೋರು ಇದ್ರೆ ಅವರನ್ನ ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ ನೋಡಿ.

ಶಿಮ್ಲಾ ಕಡೆಯಿಂದ ಹೋಗಿ ಅಂತ ಎಲ್ರೂ ಹೇಳೋದು ಸರಿ, ಎತ್ತರ ನಿಧಾನಕ್ಕೆ ಏರತ್ತೆ, ತಲೆನೋವು ವಾಂತಿ ಕಮ್ಮಿ. ರಾಂಪುರ, ರೆಕಾಂಗ್ ಪಿಯೋ, ಸ್ಪಿತಿ ನದಿ ಸಟ್ಲೆಜ್ ಸೇರೋ ಖಾಬ್, ಆಮೇಲೆ ನಾಕೋ, ತಾಬೊ. ಇಷ್ಟೂ ದಾರಿ ಯಾವ ಕಾರಿಗಾದ್ರೂ ಆಗತ್ತೆ, ಸಣ್ಣ ಹ್ಯಾಚ್‌ಬ್ಯಾಕ್‌ಗಳೂ ಆರಾಮಾಗಿ ಬಂದಿದ್ವು. ಬಂಡೆ ಕೊರೆದು ಮಾಡಿರೋ ಕಿರಿದಾದ ಜಾಗಗಳಲ್ಲಿ ಎದುರಿಗೆ ಬಸ್ ಬಂದ್ರೆ ರಿವರ್ಸ್ ತಗೊಳ್ಳೋ ಅಭ್ಯಾಸ ಬೇಕು ಅಷ್ಟೆ, ಅಲ್ಲಿ ಗಿಡ್ಡ ಗಾಡಿಯೋರಿಗೆ ಅನುಕೂಲ. ಕಾಜಾದಿಂದ ಕೀ ಮಠ, ಚಿಚಮ್ ಸೇತುವೆ, ಕೋಮಿಕ್, ಹಿಕ್ಕಿಂ ಕಡೆಗೂ ಫೋರ್ ಬೈ ಫೋರ್ ಅಗತ್ಯ ಬರ್ಲಿಲ್ಲ.

ಅಸಲಿ ಪರೀಕ್ಷೆ ಕುಂಜುಂ ದಾಟಿದ ಮೇಲೆ. ಪಾಸ್ ಎತ್ತರ ಸುಮಾರು 4550 ಮೀಟರ್, ಅಲ್ಲಿಂದ ತಿರುವು ತಿರುವಾಗಿ ಬಟಾಲ್‌ಗೆ ಇಳಿಬೇಕು, ಬಟಾಲ್‌ನಿಂದ ಛತ್ರು ಮೇಲೆ ಗ್ರಾಂಫೂವರೆಗೆ ಸುಮಾರು 50 ಕಿಮೀ. ಈ ರಸ್ತೆ ಕೆಲಸ ನಡೀತಾನೇ ಇರತ್ತೆ, ವರ್ಷ ವರ್ಷಕ್ಕೂ ಬದಲಾಗತ್ತೆ, ನೀವು ಹೋಗೋ ಹೊತ್ತಿಗೆ ಸುಧಾರಿಸಿರ್ಬೋದು. ನಮಗೆ ಸಿಕ್ಕಿದ್ದು ಚಂದ್ರಾ ನದಿ ಪಕ್ಕದಲ್ಲಿ ಫುಟ್ಬಾಲ್ ಗಾತ್ರದ ಉರುಟು ಕಲ್ಲು, ಮಧ್ಯೆ ಮಧ್ಯೆ ಮೇಲಿಂದ ಇಳಿದು ಬರೋ ನಾಲಾಗಳು. ಒಂದು ನಾಲಾದಲ್ಲಿ ನೀರಿನ ಆಚೆ ದಡ ಓರೆಯಾಗಿ ಏರಿತ್ತು, ನನ್ನ ಗಾಡಿ ಮುಂದಿನ ಎಡ ಚಕ್ರ ಗಾಳೀಲಿ, ಹಿಂದಿನ ಬಲ ಚಕ್ರ ಕಲ್ಲಿನ ಸಂದೀಲಿ. ಸಾಮಾನ್ಯ ಡಿಫರೆನ್ಷಿಯಲ್ ಇದ್ರೆ ಪವರ್ ಎಲ್ಲಾ ಗಾಳೀಲಿರೋ ಚಕ್ರಕ್ಕೇ ಹೋಗಿ ಅದು ಸುಮ್ನೆ ತಿರುಗ್ತಾ ಇರತ್ತೆ. ಲೋ ರೇಂಜಲ್ಲಿ, ಅಂದ್ರೆ ಗಾಡೀನ ತುಂಬಾ ನಿಧಾನಕ್ಕೆ ಜಾಸ್ತಿ ಬಲದಲ್ಲಿ ನಡೆಸೋ ಗೇರಲ್ಲಿ, ಆಕ್ಸಿಲರೇಟರ್ ಬಿಡದೆ ಒಂದೇ ಸಮ ಒತ್ತಿ ಹಿಡಿದ್ರೆ ಕೆಳಗಿಂದ ಟಕ ಟಕ ಟಕ ಅಂತ ಸದ್ದು ಬರತ್ತೆ, ತಿರುಗ್ತಿರೋ ಚಕ್ರಕ್ಕೆ ಎಲೆಕ್ಟ್ರಾನಿಕ್ಸ್ ಬ್ರೇಕ್ ಹಾಕಿ ಇನ್ನೊಂದು ಚಕ್ರಕ್ಕೆ ಬಲ ಕಳಿಸ್ತಿರೋದು ಅದು, ಒಂದೆರಡು ಸೆಕೆಂಡ್ ತಡೆದು ಗಾಡಿ ತಾನಾಗೇ ಹತ್ಕೊಂಡು ಹೋಯ್ತು. ಹೊಸಬರು ಆ ಸದ್ದಿಗೆ ಹೆದರಿ ಕಾಲು ತೆಗೀತಾರೆ, ತೆಗೀಬೇಡಿ.

ಭಾವನ ಗಾಡೀನೂ ಬಂತು. ಹೇಗೆ ಬಂತು ಅನ್ನೋದು ಮುಖ್ಯ. ಎಲ್ರನ್ನೂ ಇಳಿಸಿ, ಭಾರದ ಬ್ಯಾಗುಗಳನ್ನ ನನ್ನ ಗಾಡಿಗೆ ಹಾಕಿ, ನಾನು ನೀರಿಗೆ ಇಳಿದು ಮುಂದೆ ನಿಂತು "ಭಾವ, ಸ್ವಲ್ಪ ಬಲಕ್ಕೆ ತಗೊಳ್ಳಿ, ಆ ಬಿಳೀ ಕಲ್ಲಿನ ಮೇಲೇ ಚಕ್ರ ಇಡಿ, ತಪ್ಪಿಸ್ಬೇಡಿ" ಅಂತ ದಾರಿ ತೋರಿಸ್ಬೇಕಾಯ್ತು. ಕಲ್ಲನ್ನ ಎರಡು ಚಕ್ರದ ಮಧ್ಯೆ ಬಿಟ್ಕೊಂಡ್ರೆ ಅದು ಹೊಟ್ಟೆಗೆ ಬಡಿಯತ್ತೆ, ಚಕ್ರಾನೇ ಕಲ್ಲಿನ ಮೇಲೆ ಹತ್ತಿಸಿದ್ರೆ ಗಾಡಿ ಮೇಲಕ್ಕೆ ಏಳತ್ತೆ. ಮುಂದಿನ ಬಂಪರಿನ ಕೆಳ ಅಂಚು ಎರಡು ಕಡೆ ಉಜ್ಜಿತು, ಏರಲ್ಲಿ ಕ್ಲಚ್ ಸುಟ್ಟ ವಾಸನೆ ಬಂತು, ನಿಲ್ಲಿಸಿ ಆರೋಕೆ ಬಿಟ್ವಿ. ನನ್ನ ಪ್ರಕಾರ ಲೋ ರೇಂಜಿನ ನಿಜವಾದ ಉಪಯೋಗ ಇಲ್ಲೇ ಇರೋದು, ಬಲಕ್ಕಿಂತ ಹೆಚ್ಚಾಗಿ ಅದು ನಿಧಾನ ಕೊಡತ್ತೆ, ಕ್ಲಚ್ ಅರ್ಧ ಒತ್ತಿ ಹಿಡಿಯೋ ಕೆಲಸಾನೇ ಇರಲ್ಲ, ಗಾಡಿ ನಡೆಯೋ ಮನುಷ್ಯನಿಗಿಂತ ನಿಧಾನವಾಗಿ ತಾನೇ ತೆವಳತ್ತೆ, ಇಳಿಯುವಾಗ ಬ್ರೇಕ್ ಕಾಯಲ್ಲ.

ಅದೇ ದಾರೀಲಿ ಬೇಸಿಗೇಲಿ ಹಿಮಾಚಲ ಸರ್ಕಾರಿ ಬಸ್ಸು ಓಡಾಡತ್ತೆ ನೋಡಿ. ಹಿಂದಿನ ಚಕ್ರಕ್ಕೆ ಮಾತ್ರ ಪವರ್ ಇರೋ ಬಸ್ಸು. ದೊಡ್ಡ ಚಕ್ರ, ನೆಲದಿಂದ ಎತ್ತರ, ದಾರಿ ಬಾಯಿಪಾಠ ಇರೋ ಡ್ರೈವರ್, ಇಷ್ಟು ಸಾಕು ಅದಕ್ಕೆ. ಹಾಗಾಗಿ ಈ ಸರ್ಕ್ಯೂಟ್‌ಗೆ ನಾನು ಕೊಡೋ ಕ್ರಮ ಇದು: ಮೊದಲು ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ಹೊಟ್ಟೆಗೂ ಇರೋ ಅಂತರ), ಆಮೇಲೆ ಟೈರು, ಆಮೇಲೆ ಲೋ ರೇಂಜು, ಕೊನೇಲಿ ಎಡ ಬಲ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋ ಡಿಫ್ ಲಾಕ್, ಇಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯೋ ಸ್ನಾರ್ಕೆಲ್ ಇತ್ಯಾದಿ. ಕಂಪನಿ ಕೊಡೋ ಲೆಕ್ಕದಲ್ಲಿ ಥಾರ್ 226 ಮಿಮೀ, ಜಿಮ್ನಿ 210 ಮಿಮೀ. ಇಂಥ ಲೆಕ್ಕ ಸಾಮಾನ್ಯವಾಗಿ ಖಾಲಿ ಗಾಡೀದು, ಮಾಮೂಲಿ ಎಸ್‌ಯುವೀಲಿ ಐದು ಜನ, ಡಿಕ್ಕಿ ತುಂಬಾ ಲಗೇಜು, ಮೇಲೆ ಕ್ಯಾರಿಯರ್ ಅಂತ ಹೇರಿದ್ರೆ ಇದರಲ್ಲಿ ಸುಮಾರು ಕಮ್ಮಿಯಾಗತ್ತೆ. ಮಾಮೂಲಿ ಎಸ್‌ಯುವೀಲಿ ಹೋಗೋರು ಇಬ್ರು ಮೂವರು ಮಾತ್ರ ಹೋಗಿ, ಹೊಟ್ಟೆಗೆ ಕಲ್ಲು ಬಡಿಯದ ಹಾಗೆ ಕೆಳಗೆ ಗಟ್ಟಿ ಸ್ಕಿಡ್ ಪ್ಲೇಟ್ ಹಾಕಿಸಿ, ಅಲ್ಲಿಗೆ ಅರ್ಧ ಚಿಂತೆ ಮುಗೀತು. ಅದು ಬಿಟ್ಟು ಲಿಫ್ಟ್ ಕಿಟ್ ಹಾಕಿಸಿ ಗಾಡಿ ಎತ್ತರಿಸೋಕೆ ಹೋಗ್ಬೇಡಿ ಪ್ಲೀಸ್, ಹೈವೇ ತಿರುವಲ್ಲಿ ಗಾಡಿ ವಾಲಾಡತ್ತೆ, ಡ್ರೈವ್‌ಶಾಫ್ಟ್ ಕೋನ ಕೆಡತ್ತೆ, ಒಂದು ದಿನದ ಕಲ್ಲುದಾರಿಗೋಸ್ಕರ ವರ್ಷಪೂರ್ತಿ ಕೆಟ್ಟ ಗಾಡಿ ಓಡಿಸ್ಬೇಕಾಗತ್ತೆ.

ಇಂಜಿನ್ ವಿಷಯ. ಕುಂಜುಂ ಎತ್ತರದಲ್ಲಿ ಗಾಳಿ ಒತ್ತಡ ಸಮುದ್ರ ಮಟ್ಟದ ಶೇ. 60 ಕ್ಕಿಂತ ಸ್ವಲ್ಪ ಕಮ್ಮಿ. ಗಾಳೀನ ಒತ್ತಿ ತುಂಬೋ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಅಲ್ಲಿ ಹೆಚ್ಚು ಕಮ್ಮಿ ಅಷ್ಟೇ ಶಕ್ತಿ ಕೊಡತ್ತೆ, ಊರಲ್ಲಿ ಎರಡನೇ ಗೇರಲ್ಲಿ ಹತ್ತೋ ಏರಿಗೆ ಅಲ್ಲಿ ಮೊದಲನೇ ಗೇರು ಬೇಕು, ಗಾಡಿ ಕೆಟ್ಟಿದೆ ಅಂತ ಗಾಬರಿ ಬೇಡ. ಟರ್ಬೊ ಇರೋದು ಈ ಕೊರತೇನ ಸುಮಾರು ಮಟ್ಟಿಗೆ ತುಂಬ್ಕೊಳ್ಳತ್ತೆ.

ಟೈರ್ ಗಾಳೀನೂ ಹಾಗೇ ಲೆಕ್ಕ ತಪ್ಪತ್ತೆ. ಹೊರಗಿನ ಒತ್ತಡ ಕಮ್ಮಿ ಆದಷ್ಟೂ ಗೇಜಿನಲ್ಲಿ ಜಾಸ್ತಿ ತೋರಿಸತ್ತೆ, ಬಯಲಲ್ಲಿ 33 ಪಿಎಸ್‌ಐ ಹಾಕಿಸಿದ್ದು ಅಷ್ಟು ಮೇಲೆ 39 ರ ಹತ್ರ ಹೋಗ್ಬೇಕು, ಚಳಿಗೆ ಒಳಗಿನ ಗಾಳಿ ಕುಗ್ಗೋದ್ರಿಂದ ಅಷ್ಟಾಗಲ್ಲ, ಆದ್ರೂ ಟೈರ್ ಗಟ್ಟಿಯಾಗೇ ಇರತ್ತೆ, ಕಲ್ಲಿನ ಮೇಲೆ ಕುಪ್ಪಳಿಸತ್ತೆ. ನಾವು ಬಟಾಲ್‌ನಲ್ಲಿ ಎರಡೂ ಗಾಡಿದು 25 ಕ್ಕೆ ಇಳಿಸಿದ್ವಿ, ಭಾವನ ಗಾಡೀಲಿ ಕುಲುಕಾಟ ಅಲ್ಲೇ ಎದ್ದು ಕಾಣೋ ಹಾಗೆ ಕಮ್ಮಿಯಾಯ್ತು. ಇನ್ನೂ ಇಳಿಸಿದ್ರೆ ಪಕ್ಕದ ಗೋಡೆ ಉಬ್ಬಿ ಚೂಪು ಕಲ್ಲಿಗೆ ಸೀಳೋ ಅಪಾಯ ಇದೆ. ಡಾಂಬರು ಸಿಕ್ಕಿದ ಮೇಲೆ ಸ್ಪೀಡ್ ತಗೊಳ್ಳೋಕೆ ಮುಂಚೆ ವಾಪಸ್ ತುಂಬಿಸ್ಲೇಬೇಕು, 12 ವೋಲ್ಟಿನ ಸಣ್ಣ ಕಂಪ್ರೆಸರ್ ಒಂದು ಜೊತೇಲಿರಲಿ. ಪಾರ್ಟ್ ಟೈಂ ಫೋರ್ ವೀಲ್ ಡ್ರೈವ್ ಗಾಡಿಯೋರು ಡಾಂಬರಿಗೆ ಬಂದ ತಕ್ಷಣ ಟೂ ಹೈಗೆ (ಎರಡೇ ಚಕ್ರಕ್ಕೆ ಪವರ್) ಹಾಕಿ, ಒಣ ರೋಡಲ್ಲಿ ಫೋರ್ ಹೈನಲ್ಲೇ (ನಾಲ್ಕಕ್ಕೂ ಪವರ್) ಓಡಿಸಿದ್ರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಎಳೆದಾಡ್ಕೊಂಡು ಗೇರ್ ಬಾಕ್ಸ್ ಕಡೆ ಒತ್ತಡ ಬೀಳತ್ತೆ, ತಿರುವಲ್ಲಿ ಸ್ಟೇರಿಂಗ್ ಬಿಗಿಯೋದು ಅದಕ್ಕೇ.

ಈಗ ಕೊಳ್ಳೋ ವಿಚಾರ. ಮನೇಲಿ ಒಂದೇ ಗಾಡಿ, ಅದರಲ್ಲೇ ಮಕ್ಕಳ ಸ್ಕೂಲು, ಅಮ್ಮನ ಆಸ್ಪತ್ರೆ, ದಿನದ ಟ್ರಾಫಿಕ್ಕು ಅಂತಿದ್ರೆ, ಸ್ಪಿತಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಅಂತಿದ್ರೆ, 200 ಮಿಮೀ ಆಸುಪಾಸು ಕ್ಲಿಯರೆನ್ಸ್ ಇರೋ ಆರಾಮದ ಎಸ್‌ಯುವಿ ತಗೊಳ್ಳಿ, ಟೈರಿಗೆ ಮಾತ್ರ ಜಿಪುಣತನ ಮಾಡ್ಬೇಡಿ. ಇಲ್ಲಾ ಅಂದ್ರೆ ರೈಲಲ್ಲೋ ವಿಮಾನದಲ್ಲೋ ಚಂಡೀಗಢಕ್ಕೆ ಹೋಗಿ ಅಲ್ಲಿಂದ ಮುಂದೆ ಫೋರ್ ಬೈ ಫೋರ್ ಬಾಡಿಗೆಗೆ ತಗೊಳ್ಳಿ, ಬಾಡಿಗೆಗೆ ಕೊಡೋಕೆ ಪರ್ಮಿಟ್ ಇರೋ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ಗಾಡೀನೇ ಇರಲಿ, ಖಾಸಗಿ ಬಿಳೀ ಪ್ಲೇಟಿನ ಗಾಡಿ ಬೇಡ. ತಿಂಗಳಿಗೊಮ್ಮೆಯಾದ್ರೂ ಕಾಡು ಮೇಡು ಕೆಸರು ಅಂತ ಸುತ್ತೋರು, ಮನೇಲಿ ಇನ್ನೊಂದು ಕಾರ್ ಇರೋರು, ಇಬ್ರೇ ಓಡಾಡೋರು, ನೀವು ಧಾರಾಳವಾಗಿ ಲ್ಯಾಡರ್ ಫ್ರೇಮ್ ಕಡೆ ಹೋಗಿ, ಆದ್ರೆ ಐದು ಡೋರಿಂದು ನೋಡಿ, ಉದ್ದ ವೀಲ್‌ಬೇಸಿಂದ ಹೈವೇಲಿ ಸಿಗೋ ಆರಾಮಕ್ಕೆ ಹೋಲಿಸಿದ್ರೆ ಉಬ್ಬು ದಾಟುವಾಗ ಹೊಟ್ಟೆ ತಾಗದ ಹಾಗೆ ಇರೋ ಕೋನದಲ್ಲಿ ಕಳಕೊಳ್ಳೋ ಕೆಲವು ಡಿಗ್ರಿ ಈ ದಾರೀಲಿ ಏನೂ ಅಲ್ಲ. ನಾನು ನನ್ನ ಗಾಡಿ ಇಟ್ಕೊಂಡಿದೀನಿ, ಕಾರಣ ನಾನು ಆ ಮೊದಲನೇ ಗುಂಪಿನೋನಲ್ಲ, ಆದ್ರೆ ಆಲ್ ಟೆರೇನ್ ಟೈರ್ ಸವೆದ ಮೇಲೆ ಇನ್ನೂ ಒರಟು ಮಡ್ ಟೆರೇನ್ ಕಡೆ ಖಂಡಿತ ಹೋಗಲ್ಲ.

ಹೊರಡೋರಿಗೆ ಕೊನೇದಾಗಿ ಟೈಮಿಂಗು. ಕುಂಜುಂ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆಗೆದಿರತ್ತೆ, ಹಿಮದ ಮೇಲೆ ಹೆಚ್ಚು ಕಮ್ಮಿ ಆಗತ್ತೆ. ಕಾಜಾದಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಲೋ ರೇಂಜಲ್ಲಿ ಮೈಲೇಜ್ ಅರ್ಧಕ್ಕೆ ಇಳಿದ್ರೂ ಮನಾಲಿ ಮುಟ್ಟೋ ಲೆಕ್ಕ ಇಟ್ಕೊಳ್ಳಿ. ನಾಲಾಗಳಲ್ಲಿ ಹರಿಯೋದು ಹಿಮ ಕರಗಿದ ನೀರು, ಬೆಳಗ್ಗೆ ಮೊಣಕಾಲಿಗಿಂತ ಕೆಳಗಿದ್ದದ್ದು ಬಿಸಿಲೇರಿದ ಮೇಲೆ ಅದೇ ಜಾಗದಲ್ಲಿ ತೊಡೆ ಮಟ್ಟಕ್ಕೆ ಬರ್ಬೋದು, ಅದಕ್ಕೇ ಬಟಾಲ್‌ನಿಂದ ಬೆಳಗ್ಗೆ ಬೇಗ ಬಿಡ್ಬೇಕು. ಚಂದ್ರತಾಲ್ ಕೆರೆಗೆ ಬಟಾಲ್‌ನಿಂದ ಸುಮಾರು 14 ಕಿಮೀ, ಒಂದೇ ಗಾಡಿ ಹೋಗೋ ಅಗಲ, ಅದನ್ನ ಹಿಂದಿನ ದಿನ ಮಧ್ಯಾಹ್ನವೇ ಮುಗಿಸ್ಕೊಳ್ಳಿ, ಕೆರೆ ದಡದಲ್ಲಿ ಟೆಂಟ್ ಹಾಕೋ ಹಾಗಿಲ್ಲ, ಕ್ಯಾಂಪುಗಳು ಸ್ವಲ್ಪ ದೂರದಲ್ಲಿವೆ. ಗ್ರಾಂಫೂ ದಾಟಿ ಕೊಕ್ಸರ್ ಕಡೆ ಇಳಿದ್ರೆ 2020 ರಲ್ಲಿ ಶುರುವಾದ 9 ಕಿಮೀ ಉದ್ದದ ಅಟಲ್ ಟನಲ್ ಸಿಗತ್ತೆ, ಅಲ್ಲಿಂದ ಮನಾಲಿಗೆ ಒಳ್ಳೇ ರೋಡು. ಬಟಾಲ್ ಸುತ್ತಮುತ್ತ ಫೋನ್ ಸಿಗ್ನಲ್ ನಂಬ್ಕೋಬೇಡಿ, ಕಾಜಾ ಬಿಡೋ ಹಿಂದಿನ ಸಂಜೆ ಅಲ್ಲೇ ಆ ದಿನ ಮನಾಲಿ ಕಡೆಯಿಂದ ಬಂದ ಟ್ಯಾಕ್ಸಿ ಡ್ರೈವರ್ ಯಾರನ್ನಾದ್ರೂ ಹಿಡಿದು ಯಾವ ನಾಲಾದಲ್ಲಿ ಎಷ್ಟು ನೀರಿದೆ, ಯಾವ ದಡದಲ್ಲಿ ಹತ್ತಿದ್ರು ಅಂತ ಕೇಳ್ಕೊಳ್ಳಿ.