ಅಂಗಳದ ತುಂಬ ಉಂಗುರ

2019ರ ಡಿಸೆಂಬರ್ 26. ಕ್ರಿಸ್ಮಸ್‌ನ ಮರುದಿನ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ಅಕ್ಕನ ಮಗ ಗ್ರಹಣದ ಕನ್ನಡಕ ಹಾಕಿಕೊಂಡು ನಿಂತಿದ್ದ. ಎಂಟನೇ ಕ್ಲಾಸು. ರಜೆ ಸಿಗುವ ಮೊದಲೇ ವಿಜ್ಞಾನದ ಟೀಚರ್ ಕೊಟ್ಟು ಕಳಿಸಿದ್ದ ಕನ್ನಡಕ ಅದು. ಆ ದಿನ ಕಂಕಣ ಸೂರ್ಯಗ್ರಹಣ. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ ಎಂದು ದೂರದೂರದಿಂದ ಜನ ಬಂದಿದ್ದರು. ನಾವು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನಮ್ಮ ಅಂಗಳವೂ ಆ ನೆರಳಿನ ದಾರಿಯಲ್ಲೇ ಇತ್ತು.

ಆ ವರ್ಷದ ಕ್ರಿಸ್ಮಸ್‌ನಲ್ಲಿ ನನ್ನ ಮನಸ್ಸು ಸರಿ ಇರಲಿಲ್ಲ. 19ನೇ ತಾರೀಕು ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಪ್ರತಿಭಟನೆ ನಡೆದು, ಪೊಲೀಸರ ಗುಂಡಿಗೆ ಇಬ್ಬರು ಸತ್ತಿದ್ದರು. ಕರ್ಫ್ಯೂ ಬಂತು, ಇಂಟರ್ನೆಟ್ ನಿಂತಿತು. ಕಾಸರಗೋಡಿನ ನಮಗೆ ಮಂಗಳೂರು ಬೇರೆ ರಾಜ್ಯದ ಊರು ಅಂತ ಯಾವತ್ತೂ ಅನಿಸಿದ್ದಿಲ್ಲ. ಆಸ್ಪತ್ರೆ ಅಲ್ಲಿ, ಹಬ್ಬದ ಬಟ್ಟೆ ಅಲ್ಲಿ, ನಮ್ಮ ಬಿಷಪರೂ ಅಲ್ಲೇ. 24ರ ರಾತ್ರಿ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಪೂಜೆಯಲ್ಲಿ ಸತ್ತ ಆ ಇಬ್ಬರಿಗಾಗಿ, ಅವರ ಮನೆಯವರಿಗಾಗಿ ಒಂದು ಪ್ರಾರ್ಥನೆ ಹೇಳಿದರು. ಪೂಜೆ ಮುಗಿದು ಹೊರಗೆ ಬಂದಾಗ ನನಗೆ ತುಂಬ ಬೇಕಾದವರೊಬ್ಬರು ಹತ್ತಿರ ಬಂದು, “ಇಗರ್ಜಿಯೊಳಗೆ ರಾಜಕೀಯ ಯಾಕೆ ಬೇಕಿತ್ತು?” ಎಂದರು. ಹಬ್ಬದ ರಾತ್ರಿ ಜಗಳ ಬೇಡ ಅಂತ ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಎಂಟು ದಾಟಿದ ಮೇಲೆ ಸೂರ್ಯನ ಒಂದು ಅಂಚು ಕಚ್ಚಿದ ಹಾಗೆ ಕಂಡಿತು. ಕನ್ನಡಕ ಇದ್ದದ್ದು ಒಂದೇ, ನೋಡುವವರು ಐದು ಜನ. ಅಕ್ಕ ಅಡುಗೆಮನೆಯಿಂದ ಸೇಮಿಗೆ ಮಣೆಯ ತೂತಿನ ಬಿಲ್ಲೆ ತಂದಳು. ಅದನ್ನು ಬಿಸಿಲಿಗೆ ಹಿಡಿದು ಕೆಳಗೆ ಬಿಳಿ ಕಾಗದ ಇಟ್ಟರೆ, ಒಂದೊಂದು ತೂತಿಗೂ ಒಂದೊಂದು ಪುಟ್ಟ ಸೂರ್ಯ. ಎಲ್ಲವೂ ಒಂದೇ ಕಡೆ ಕಚ್ಚಿಸಿಕೊಂಡವು. ಒಂಬತ್ತೂವರೆ ಹತ್ತಿರ ಬಂದಾಗ ನಾವು ಬಿಲ್ಲೆಯನ್ನು ಮರೆತೇಬಿಟ್ಟೆವು. ಹಲಸಿನ ಮರದ ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಉಂಗುರ ಆಗಿದ್ದವು. ಸಗಣಿ ಸಾರಿಸಿದ ನೆಲದ ಮೇಲೆ, ಒಣಹಾಕಿದ ಅಡಿಕೆಯ ಮೇಲೆ, ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಬಿಳಿ ಸೀರೆಯ ಮೇಲೆ. ಅಜ್ಜಿ ಮಡಿಲಲ್ಲಿ ಬಿದ್ದ ಒಂದು ಉಂಗುರಕ್ಕೆ ಬೆರಳು ತೂರಿಸಿ ನೋಡಿದರು. ಉಂಗುರ ಬೆರಳಿನ ಮೇಲೆ ಹತ್ತಿ ಕೂತಿತು.

ಮೂರು ನಿಮಿಷವೂ ಇರಲಿಕ್ಕಿಲ್ಲ. ಸೂರ್ಯ ಶೇಕಡಾ 90ಕ್ಕಿಂತ ಜಾಸ್ತಿ ಮುಚ್ಚಿದ್ದ. ಆದರೂ ಕತ್ತಲೆ ಆಗಲಿಲ್ಲ. ಬಿಸಿಲು ಬಣ್ಣ ಕಳೆದುಕೊಂಡು ತೆಳ್ಳಗಾಯಿತು, ಮೈಗೆ ಸ್ವಲ್ಪ ತಂಪು ತಾಗಿತು, ಅಷ್ಟೇ. ಹುಡುಗನಿಗೆ ನಿರಾಸೆ. “ಮಾಮ, ಯೇಸುವನ್ನು ಶಿಲುಬೆಗೆ ಹಾಕಿದ ದಿನ ಗ್ರಹಣ ಹಿಡಿದು ಪೂರ್ತಿ ಕತ್ತಲೆ ಆಯಿತಲ್ವಾ? ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ” ಎಂದ. ಗುಡ್ ಫ್ರೈಡೇ ದಿನ ಟಿವಿಯಲ್ಲಿ ಬರುವ ಸಿನಿಮಾಗಳಲ್ಲಿ ಅವನು ನೋಡಿದ್ದು ಅದನ್ನೇ. ಕಪ್ಪು ಚಕ್ರ ಬಂದು ಸೂರ್ಯನನ್ನು ಮುಚ್ಚುತ್ತದೆ, ಗಾಳಿ ಬೀಸುತ್ತದೆ, ಸೈನಿಕರು ಹೆದರುತ್ತಾರೆ. ನಾನೂ ಸಣ್ಣವನಿದ್ದಾಗ ಹಾಗೇ ಅಂದುಕೊಂಡಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು: “ಅದು ಹೇಗೆ ಆಗ್ತದೆ ಮಗಾ? ಸೂರ್ಯಗ್ರಹಣ ಅಮಾವಾಸ್ಯೆಗೆ ಅಲ್ವಾ? ಗುಡ್ ಫ್ರೈಡೇಯ ಹಿಂದಿನ ದಿನ, ಪವಿತ್ರ ಗುರುವಾರ, ನಡುರಾತ್ರಿ ಆರಾಧನೆ ಮುಗಿಸಿ ನಾವು ಗುಡ್ಡೆ ಹತ್ತಿ ಮನೆಗೆ ಬರ್ತಿದ್ದದ್ದು ದಾರಿಗೆ ಉರಿಸುವ ಸೂಟೆ ಇಲ್ಲದೆ. ಆ ವಾರ ಯಾವಾಗಲೂ ಬೆಳದಿಂಗಳು.”

ನಾನು ಬೆರಗಾಗಿ ನಿಂತೆ. ನಾನು ಪುಸ್ತಕ ಓದಿ ತಿಳಿದಿದ್ದನ್ನು ಅಜ್ಜಿ ಕಾಲಿನಲ್ಲಿ ತಿಳಿದಿದ್ದರು. ಯೇಸು ಸತ್ತದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ. ಅದು ಹುಣ್ಣಿಮೆಯ ಹಬ್ಬ. ನಮ್ಮ ಈಸ್ಟರ್ ಕೂಡ ಹುಣ್ಣಿಮೆಯ ಲೆಕ್ಕದ ಮೇಲೆಯೇ ಬರುವುದು. ಮೂರನೇ ಶತಮಾನದಷ್ಟು ಹಿಂದೆಯೇ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ಬರಹಗಾರ, ಆ ಕತ್ತಲೆ ಗ್ರಹಣ ಆಗಿರಲು ಸಾಧ್ಯವಿಲ್ಲ, ಹುಣ್ಣಿಮೆಯಂದು ಚಂದ್ರ ಸೂರ್ಯನ ಎದುರು ಬದಿಯಲ್ಲಿ ಇರುತ್ತಾನೆ ಎಂದು ವಾದಿಸಿದ್ದ. ಪೂರ್ಣ ಗ್ರಹಣವಾದರೂ ಒಂದು ಕಡೆ ಏಳೂವರೆ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಸುವಾರ್ತೆ ಹೇಳುವುದು ಮೂರು ಗಂಟೆಯ ಕತ್ತಲೆ. ನಂಬಿಕೆ ಇದ್ದವರೇ ಆಕಾಶ ನೋಡಿ ಲೆಕ್ಕ ಹಾಕಿದ್ದರು ಎನ್ನುವುದು ನನಗೆ ತುಂಬ ಸಂತೋಷ ಕೊಡುವ ವಿಷಯ. 1567ರಲ್ಲಿ ರೋಮ್‌ನಲ್ಲಿ ಇಂಥದೇ ಉಂಗುರ ಕಂಡು ಬರೆದಿಟ್ಟ ಕ್ಲಾವಿಯಸ್ ಜೆಸ್ವಿಟ್ ಪಾದ್ರಿ. ನಾವು ಈಗ ಬಳಸುವ 1582ರ ಕ್ಯಾಲೆಂಡರಿನ ಲೆಕ್ಕದಲ್ಲೂ ಅವರ ಕೈ ಇದೆ.

ಹುಡುಗ ಬಿಡಲಿಲ್ಲ. “ಮತ್ತೆ ಕತ್ತಲೆ ಯಾಕೆ ಆದದ್ದು?”

ಇದಕ್ಕೆ ಟೀಚರ್ ಕೊಟ್ಟ ಕನ್ನಡಕ ಸಾಲದು. ನಾನು ಒಳಗಿಂದ ಬೈಬಲ್ ತಂದು ಆಮೋಸನ ಎಂಟನೇ ಅಧ್ಯಾಯ ತೆಗೆದು ಕೊಟ್ಟೆ. ಯೇಸುವಿಗಿಂತ ಏಳುನೂರು ವರ್ಷ ಹಿಂದಿನ ಪ್ರವಾದಿ ಆಮೋಸ, ಕುರಿ ಕಾಯುವವನು. ನಡುಹಗಲಲ್ಲೇ ಸೂರ್ಯ ಮುಳುಗುವ ದಿನದ ಬಗ್ಗೆ ಅವನು ಹೇಳುತ್ತಾನೆ. ಯಾಕೆ ಮುಳುಗುತ್ತಾನೆ ಎನ್ನುವುದು ಅದಕ್ಕಿಂತ ಮೇಲಿನ ಸಾಲುಗಳಲ್ಲೇ ಇದೆ. ಅಳತೆಯ ಸೇರನ್ನು ಕಿರಿದು ಮಾಡಿದ್ದೀರಿ, ತಕ್ಕಡಿಯಲ್ಲಿ ಮೋಸ ಮಾಡಿದ್ದೀರಿ, ಒಂದು ಜೊತೆ ಕೆರಕ್ಕೆ ಬಡವನನ್ನು ಕೊಂಡಿದ್ದೀರಿ ಎಂದು. ಹುಡುಗ ನಿಧಾನವಾಗಿ ಓದಿದ. ತಪ್ಪಿಲ್ಲದ ಒಬ್ಬನನ್ನು, ತಪ್ಪಿಲ್ಲ ಅಂತ ಗೊತ್ತಿದ್ದೂ, ಊರಲ್ಲಿ ಗಲಾಟೆ ಆಗಬಾರದು ಅಂತ ರೋಮನ್ನರ ಅಧಿಪತಿ ಪಿಲಾತ ಕೊಲ್ಲಿಸಿದ. ಆ ದಿನದ ಕತ್ತಲೆಯನ್ನು ಸುವಾರ್ತೆ ಬರೆದವರು ಕಂಡದ್ದು ಆಮೋಸನ ಕಣ್ಣಿನಿಂದ ಎಂದು ನಾನು ನಂಬುತ್ತೇನೆ. ಅವನಿಗೂ ಹಾಗೆಯೇ ಹೇಳಿದೆ.

“ಹಾಗಾದರೆ ಅದು ರಾಜಕೀಯ” ಎಂದ ಹುಡುಗ.

“ಹೌದು ಮಗಾ, ಅದೂ ಹೌದು” ಎಂದೆ. ಎರಡು ರಾತ್ರಿ ಹಿಂದೆ ಇಗರ್ಜಿಯ ಅಂಗಳದಲ್ಲಿ ಹೇಳಬೇಕಾಗಿದ್ದ ಮಾತು. ಅದೇ ಸಂಜೆ ಆ ಬೇಕಾದವರಿಗೆ ಫೋನ್ ಮಾಡಿ ಗ್ರಹಣದ ಕಥೆ, ಆಮೋಸನ ಕಥೆ ಎಲ್ಲ ಹೇಳಿದೆ. ಅವರು ಒಪ್ಪಲಿಲ್ಲ. ಆದರೆ ಪೂರ್ತಿ ಕೇಳಿದರು.

ಗ್ರಹಣ ಬಿಟ್ಟದ್ದು ಹನ್ನೊಂದರ ಹೊತ್ತಿಗೆ. ಪಕ್ಕದ ಭಟ್ರ ಮನೆಯಲ್ಲಿ ಸ್ನಾನ ಮುಗಿಸಿ ಒಲೆ ಹೊತ್ತಿಸಿದರು. ನಾವು ಉಳಿದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಿ ತೆರೆದೆವು. ಅಂಗಳದಲ್ಲಿ ಬರೀ ಬೆಳಕಿನ ಚುಕ್ಕೆಗಳು.

ಮುಂದಿನ ಏಪ್ರಿಲ್‌ನ ಪವಿತ್ರ ಗುರುವಾರ ಇಗರ್ಜಿಗೆ ಬೀಗ. ಲಾಕ್‌ಡೌನ್. ತಲಪಾಡಿಯಲ್ಲಿ ಗಡಿ ಬಂದ್, ಒಳದಾರಿಗಳಿಗೆ ಮಣ್ಣು ಸುರಿದಿದ್ದರು, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಈಚೆಯೇ ಉಳಿದಿದ್ದರು. ಆ ರಾತ್ರಿ ಮನೆಯಲ್ಲೇ ಜಪಸರ ಮುಗಿಸಿ ಹೊರಗೆ ಬಂದಾಗ ಹಲಸಿನ ಮರದ ಹಿಂದಿನಿಂದ ದೊಡ್ಡ ಚಂದ್ರ ಮೇಲೆ ಬಂದಿದ್ದ. ಹುಣ್ಣಿಮೆ ಕಳೆದು ಒಂದೇ ದಿನ. ಹುಡುಗ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸಿ, ಅಂಗಳದ ನಡುವೆ ಕುರ್ಚಿ ಹಾಕಿ ಕೂರಿಸಿದ. ಟಾರ್ಚ್ ಒಳಗೇ ಬಿಟ್ಟು ಬಂದಿದ್ದ.