ಫಿಲಿಪೀನ್ಸ್‌ನ ಪನಡೆರಿಯಾದಲ್ಲಿ ಸಿಹಿ ಬ್ರೆಡ್ ಆರಿಸುವುದು

ಫಿಲಿಪೀನ್ಸ್‌ನ ಓಣಿ ಬೇಕರಿಗಳಲ್ಲಿ, ಅಂದರೆ ಪನಡೆರಿಯಾಗಳಲ್ಲಿ, ಬಿಸಿ ಪಾಂಡೆಸಾಲ್ (ಬೆಳಗಿನ ತಿಂಡಿಯ ಸಣ್ಣ ಬನ್) ಬೇಕಿದ್ದರೆ ನಸುಕಿನಲ್ಲೇ ಹೋಗಬೇಕು. ಸಿಹಿ ಬ್ರೆಡ್‌ಗೆ ಮಧ್ಯಾಹ್ನ 3 ಗಂಟೆಯ ಆಸುಪಾಸು, ಮೆರಿಯೆಂಡಾ ಎಂಬ ಲಘು ತಿಂಡಿಯ ಹೊತ್ತು ವಾಸಿ. ಗಾಜಿನ ಕಪಾಟಿನತ್ತ ಬೆರಳು ತೋರಿಸುವ ಮುಂಚೆ, ಈಗಷ್ಟೇ ಓವನ್ನಿಂದ ಬಂದದ್ದು ಯಾವುದೆಂದು ಕೇಳಿ.

ನೋಡಿ ಆರಿಸಬೇಕಾದ್ದು ಎನ್ಸಾಯ್ಮಾಡಾ, ಅಂದರೆ ಸುರುಳಿ ಸುತ್ತಿದ ಮೆತ್ತನೆಯ ಸಿಹಿ ಬ್ರೆಡ್. ಸುರುಳಿಯ ತುದಿ ಎಳೆದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳಬೇಕು. ಪುಡಿಯಾಗಿ ಉದುರಿದರೆ ಹಳೆಯದು, ಇಲ್ಲವೇ ಹಿಟ್ಟು ಸರಿಯಾಗಿ ನಾದಿಲ್ಲ. ಮೊಟ್ಟೆಯ ಹಳದಿ, ಬೆಣ್ಣೆ, ಸಕ್ಕರೆ ಧಾರಾಳವಾಗಿ ಬೀಳುವ ಹಿಟ್ಟಿದು. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಯೀಸ್ಟ್ ನಿಧಾನಿಸುತ್ತದೆ. ಪೂರ್ತಿ ಉಬ್ಬುವ ಮುಂಚೆ ಬೇಯಿಸಿದರೆ ನಡುಭಾಗ ಗಟ್ಟಿಯಾಗೇ ಉಳಿಯುತ್ತದೆ. ಬೆಣ್ಣೆಯನ್ನೂ ಹಿಟ್ಟಿಗೆ ಜಿಗುಟು ಬಂದ ಮೇಲೆಯೇ ಸೇರಿಸಬೇಕು. ಮೇಲೆ ಸವರುವ ಬೆಣ್ಣೆ, ಸಕ್ಕರೆ, ತುರಿದ ಚೀಸ್ ಬ್ರೆಡ್ ಆರಿದ ನಂತರ; ಬಿಸಿಯಲ್ಲಿ ಹಾಕಿದರೆ ಕರಗಿ ಬದಿಗೆ ಹರಿಯುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಕೇಸೊ ಡೆ ಬೋಲಾ (ಉಂಡೆಯಾಕಾರದ ಎಡಾಮ್) ಚೀಸ್ ಹಾಕಿದ್ದು ಸಿಕ್ಕರೆ ಬಿಡಬೇಡಿ, ಅದರ ಉಪ್ಪು ಸಿಹಿಗೆ ಹದವಾಗಿ ಹೊಂದುತ್ತದೆ.

ಪಾನ್ ಡೆ ಕೋಕೋದೊಳಗೆ ಸಿಹಿ ತೆಂಗಿನತುರಿಯ ಹೂರಣ. ಸುರುಳಿ ಸುತ್ತಿದ ಸ್ಪ್ಯಾನಿಷ್ ಬ್ರೆಡ್‌ನಲ್ಲಿ ಬೆಣ್ಣೆ, ಸಕ್ಕರೆ, ಬ್ರೆಡ್ ಪುಡಿ. ಸುರುಳಿಯ ಅಂಚು ಕೆಳಗಿಡದಿದ್ದರೆ ಬೇಯುವಾಗ ಬಾಯಿಬಿಡುತ್ತದೆ.

ಬಿಸಿ ಬ್ರೆಡ್ ಇರುವ ಕಾಗದದ ಚೀಲದ ಬಾಯಿ ಮಡಚಬೇಡಿ, ಹಬೆಗೆ ಮೇಲ್ಪದರ ಮೆತ್ತಗಾಗುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಬೇಗ ಬಿರುಸಾಗುತ್ತದೆ, ಫ್ರೀಜರ್‌ನಲ್ಲಿಡಿ.